ಗೊರೂರು ಹಿನ್ನೀರಿಗೆ ರೇಡಾರ್ ಹಿಡಿದ ಆಷಾಢ

ನನ್ನದು ಹಾಸನದಲ್ಲಿ ಯುಪಿಎಸ್, ಟಿವಿ ರಿಪೇರಿ ಮಾಡುವ ಚಿಕ್ಕ ಅಂಗಡಿ. ಸಮುದ್ರಕ್ಕೂ ನನಗೂ ಇರುವ ನಂಟು ಅಷ್ಟಕ್ಕಷ್ಟೇ. ಧರ್ಮಸ್ಥಳಕ್ಕೆ ಹೋದಾಗ ಟೈಮ್ ಉಳಿದರೆ ಪಣಂಬೂರಿನಲ್ಲಿ ಕಾಲು ನೆನೆಸಿ ಬರುವುದು. ಹೀಗಿರುವಾಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗಳು ಪುಟ್ಟಿ ಅಂಗಡಿಗೆ ಬಂದು, "ಮಾವ, ಸಮುದ್ರಕ್ಕೆ ರೇಡಾರ್ ಬಿಟ್ಟರೆ ಎಷ್ಟು ವಾಪಸ್ ಬರುತ್ತೆ ಅಂತ ಅಳೀಬೇಕು. ನನ್ನ ಪ್ರಾಜೆಕ್ಟ್ ಅದೇ" ಅಂದಳು.

"ಹಾಸನದಲ್ಲಿ ಸಮುದ್ರ ಎಲ್ಲಿದೆ ಕಣಮ್ಮ?"

"ಶೆಟ್ಟಿಹಳ್ಳಿ ಹಿನ್ನೀರು ಇದೆಯಲ್ಲ ಮಾವ. ಗಾಳಿ ಬೀಸಿದರೆ ಸಾಕು."

ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದು, ಬೈಂಡಿಂಗ್ ಮಾಡಿಸಿ ಕೊಡುವ ಮಕ್ಕಳನ್ನು ಅಂಗಡಿಯಲ್ಲಿ ದಿನಾ ನೋಡುತ್ತೇನೆ. ಇವಳು ತಾನೇ ಅಳೆಯುತ್ತೇನೆ ಅಂದಿದ್ದು ನನಗೆ ಇಷ್ಟವಾಯಿತು. ಬೆಸುಗೆ ಹಾಕುವ ಕೆಲಸ ನನ್ನದು, ಲೆಕ್ಕದ ಕೆಲಸ ಅವಳದು ಅಂತ ಮಾತಾಯಿತು.

ವಿಷಯ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಸಾಲಗಾಮೆ ರಸ್ತೆಯಲ್ಲೇ ಇಸ್ರೋ ಇದೆಯಲ್ಲ, ಅಲ್ಲಿ ಕೇಳಬಾರದಾ ಅಂತ. ಹಾಸನದವರಿಗೆ ಆಕಾಶದ ಯಾವ ವಿಷಯ ಎತ್ತಿದರೂ ಅದೇ ನೆನಪಾಗುತ್ತದೆ. ಆದರೆ 1982ರಿಂದ ಇಲ್ಲಿರುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್ ತರಹದ ಉಪಗ್ರಹಗಳನ್ನು. ಸಮುದ್ರಕ್ಕೆ ರೇಡಾರ್ ಬಿಟ್ಟು ಗಾಳಿ ಲೆಕ್ಕ ಹಾಕುವ ಉಪಗ್ರಹಗಳು ಬೇರೆ. 2009ರ ಸೆಪ್ಟೆಂಬರಿನಲ್ಲಿ ಹಾರಿದ ಓಷನ್‌ಸ್ಯಾಟ್-2, 2016ರ ಸ್ಕ್ಯಾಟ್‌ಸ್ಯಾಟ್-1, 2022ರ ನವೆಂಬರಿನಲ್ಲಿ ಹೋದ ಇಒಎಸ್-06, ಇವೆಲ್ಲ ಏಳುನೂರು ಚಿಲ್ಲರೆ ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ಅಂಥವುಗಳ ಲಗಾಮು ಇರುವುದು ಇಸ್ರೋದ್ದೇ ಆದ, ಬೆಂಗಳೂರಿನ ಇಸ್ಟ್ರ್ಯಾಕ್ ಎಂಬ ಉಪಗ್ರಹ ನಿಯಂತ್ರಣ ಕೇಂದ್ರದ ಕೈಯಲ್ಲಿ. ಓಷನ್‌ಸ್ಯಾಟ್-2ರ ಹೊಟ್ಟೆಯ ಕೆಳಗೆ ಒಂದು ಮೀಟರ್ ಅಗಲದ ಡಿಶ್ ಇತ್ತು. ನಿಮಿಷಕ್ಕೆ ಸುಮಾರು 20 ಸುತ್ತು ತಿರುಗುತ್ತಾ 13.5 ಗಿಗಾಹರ್ಟ್ಸ್ ಅಲೆಗಳನ್ನು ಸಮುದ್ರಕ್ಕೆ ಓರೆಯಾಗಿ ಬಿಡುತ್ತಿತ್ತು. ವಾಪಸ್ ಬಂದದ್ದರ ಬಲ ನೋಡಿ ಗಾಳಿಯ ವೇಗ, ದಿಕ್ಕು ಹೇಳುವುದು ಅದರ ಕೆಲಸ.

ಇದನ್ನು ಕೇಳಿದಾಗ ನನಗೆ ಮೊದಲು ಹೊಳೆದ ಪ್ರಶ್ನೆ, ನೀರಿಗೆ ಬಿಟ್ಟ ಅಲೆಗೂ ಗಾಳಿಗೂ ಏನು ಸಂಬಂಧ ಅಂತ. ಪುಟ್ಟಿ ಅಂಗಡಿಯ ಬಿಲ್ ಪುಸ್ತಕದ ಹಿಂದೆ ಗೆರೆ ಎಳೆದು ತೋರಿಸಿದಳು. ನೀರು ನಿಶ್ಚಲವಾಗಿದ್ದರೆ ಓರೆಯಾಗಿ ಬಂದ ಅಲೆ ಅದೇ ಕೋನದಲ್ಲಿ ಆಚೆ ಕಡೆಗೆ ಹೋಗಿಬಿಡುತ್ತದೆ. ರೇಡಾರಿಗೆ ವಾಪಸ್ ಏನೂ ಬರುವುದಿಲ್ಲ. ನೀರಿನೊಳಕ್ಕೂ ಅದು ಇಳಿಯುವುದಿಲ್ಲ, ಕೆಲವೇ ಮಿಲಿಮೀಟರಿನಲ್ಲಿ ಸತ್ತುಹೋಗುತ್ತದೆ. ಗಾಳಿ ಬೀಸಿ ನೀರಿನ ಮೇಲೆ ಸಣ್ಣ ಸುಕ್ಕು ಎದ್ದಾಗ ಮಾತ್ರ ಕತೆ ಬೇರೆ. ಸುಕ್ಕುಗಳ ನಡುವಿನ ಅಂತರ ಒಂದು ನಿರ್ದಿಷ್ಟ ಅಳತೆಗೆ ಕೂತರೆ, ಒಂದೊಂದು ಸುಕ್ಕಿನಿಂದ ಹೊರಟ ಚೂರು ಪ್ರತಿಧ್ವನಿಗಳು ಒಂದಕ್ಕೊಂದು ತಾಳ ಹೊಂದಿ ಬರುತ್ತವೆ. ಜೋಕಾಲಿ ಹಿಂದಕ್ಕೆ ಬಂದಾಗಲೇ ಒಂದೊಂದು ಸಲ ಮೆಲ್ಲಗೆ ದೂಡಿದರೆ ಅದು ಮೇಲೇರುತ್ತಾ ಹೋಗುತ್ತದಲ್ಲ, ಹಾಗೆ. ಬ್ರ್ಯಾಗ್ ಚದುರಿಕೆ ಅಂತ ಇದರ ಹೆಸರು. ರೇಡಾರ್ ಅಲೆಯ ಉದ್ದವನ್ನು, ಓರೆ ಕೋನದ ಸೈನ್‌ನ ಎರಡರಷ್ಟರಿಂದ ಭಾಗಿಸಿದರೆ ಆ ಸುಕ್ಕಿನ ಅಳತೆ ಸಿಗುತ್ತದೆ. ಉಪಗ್ರಹದ ಆ ರೇಡಾರಿಗೆ ಅದು ಸುಮಾರು ಒಂದೂವರೆ ಸೆಂಟಿಮೀಟರ್. ಅಂದರೆ ಏಳುನೂರು ಕಿ.ಮೀ. ಮೇಲಿರುವ ಯಂತ್ರ ನೋಡುತ್ತಿರುವುದು ಬೆರಳಗಲದ ಸುಕ್ಕನ್ನು! ನನಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರಿನವರಿಗೆ ಸಮುದ್ರದಿಂದ ಬರುವ ಪ್ರತಿಧ್ವನಿ ಬರೀ ಕಾಟ. ಹಡಗು ಹುಡುಕಲು ಹೋದರೆ ಪರದೆ ತುಂಬ ಅದೇ. ಅದರೊಳಗೂ ಒಂದು ಲೆಕ್ಕ ಇದೆ ಎಂದು ತೋರಿಸಿದವರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿ ಕ್ರಾಂಬಿ ಮುಖ್ಯರು. 1955ರಲ್ಲಿ 13.56 ಮೆಗಾಹರ್ಟ್ಸ್ ರೇಡಿಯೋ ಅಲೆಯನ್ನು ಕಡಲಿಗೆ ಬಿಟ್ಟಾಗ, ವಾಪಸ್ ಬಂದದ್ದರ ಆವರ್ತನ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಲೆಕ್ಕ, 0.376 ಹರ್ಟ್ಸ್‌ನಷ್ಟು ಸರಿದಿದ್ದನ್ನು ಅವರು ಕಂಡರು. ಓಡುವ ವಸ್ತುವಿಗೆ ಬಡಿದು ಬಂದ ಅಲೆಯ ಆವರ್ತನ ಆ ವಸ್ತುವಿನ ವೇಗಕ್ಕೆ ತಕ್ಕಂತೆ ಸರಿಯುತ್ತದೆ. ಆ ರೇಡಿಯೋ ಅಲೆಯ ಉದ್ದ 22 ಮೀಟರ್. ಅದರ ಅರ್ಧದಷ್ಟು ಉದ್ದದ, ಅಂದರೆ 11 ಮೀಟರಿನ ಕಡಲಲೆ ಎಷ್ಟು ವೇಗದಲ್ಲಿ ಓಡುತ್ತದೋ ಅದಕ್ಕೆ ಈ ಸಂಖ್ಯೆ ಸರಿಯಾಗಿ ಹೊಂದುತ್ತದೆ. ನಾವೂ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆವು. ಬಂತು.

ಇನ್ನು ನಮ್ಮ ರೇಡಾರ್. ಎಚ್‌ಬಿ100 ಅಂತ ಒಂದು ಮಾಡ್ಯೂಲ್ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾಲ್ಕೂವರೆ ಸೆಂಟಿಮೀಟರ್ ಉದ್ದದ್ದು. ಜನ ಹತ್ತಿರ ಬಂದರೆ ತಾನೇ ತೆರೆಯುವ ಬಾಗಿಲು, ಕಳ್ಳರ ಅಲಾರಂ ಇವುಗಳಲ್ಲಿ ಈ ತರಹದ್ದನ್ನು ನಾನು ಬಿಚ್ಚಿ ಜೋಡಿಸಿದ್ದೇನೆ. 10.525 ಗಿಗಾಹರ್ಟ್ಸ್, ಅಲೆಯ ಉದ್ದ 2.85 ಸೆಂಟಿಮೀಟರ್. ಇದರ ಶಕ್ತಿ ಮೊಬೈಲಿಗಿಂತ ಎಷ್ಟೋ ಕಡಿಮೆ. ನೇರ ಕೆಳಗಿನ ಗೆರೆಯಿಂದ 60 ಡಿಗ್ರಿ ಓರೆಗೆ ಹಿಡಿದರೆ ಇದು ನೋಡುವ ಸುಕ್ಕು 1.65 ಸೆಂಟಿಮೀಟರ್. ನೀರಿನ ಮೇಲೆ ಎಲ್ಲಕ್ಕಿಂತ ನಿಧಾನ ಓಡುವ ಅಲೆಯ ಉದ್ದ ಸುಮಾರು 1.7 ಸೆಂಟಿಮೀಟರ್, ವೇಗ ಸೆಕೆಂಡಿಗೆ 23 ಸೆಂಟಿಮೀಟರ್. ಹೆಚ್ಚುಕಮ್ಮಿ ಅದೇ ನಮ್ಮ ಕೈಗೆ ಸಿಕ್ಕಿತ್ತು. ಇದಕ್ಕಿಂತ ಉದ್ದದ್ದನ್ನು ಭೂಮಿಯ ಎಳೆತ ಓಡಿಸುತ್ತದೆ, ಗಿಡ್ಡದ್ದನ್ನು ನೀರಿನ ಮೇಲ್ಮೈಯ ಬಿಗಿತ ಓಡಿಸುತ್ತದೆ.

ಈ ಮಾಡ್ಯೂಲಿಗೆ ಅಲುಗಾಡದ ವಸ್ತು ಕಾಣುವುದೇ ಇಲ್ಲ. ತಾನು ಬಿಟ್ಟದ್ದನ್ನೂ ವಾಪಸ್ ಬಂದದ್ದನ್ನೂ ಕಲಸಿ, ಎರಡರ ಆವರ್ತನದ ವ್ಯತ್ಯಾಸವನ್ನಷ್ಟೇ ಹೊರಗೆ ಕೊಡುತ್ತದೆ. ಎದುರಿನ ವಸ್ತು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬಂದರೆ 70 ಹರ್ಟ್ಸ್. ನಮ್ಮ ಸುಕ್ಕಿಗೆ ಬರಬೇಕಾದದ್ದು 14 ಹರ್ಟ್ಸ್. ಗಾಳಿಗೆ ನೀರಿನ ಮೇಲ್ಪದರವೂ ಜಾರುವುದರಿಂದ ಇನ್ನಷ್ಟು ಸೇರಿ 20ರ ಆಸುಪಾಸು. ಬರುವ ಸಿಗ್ನಲ್ ಎಷ್ಟು ಸಣ್ಣದೆಂದರೆ ಎಲ್‌ಎಂ358 ಐಸಿಯಲ್ಲಿ ಎರಡು ಹಂತದಲ್ಲಿ ಸಾವಿರ ಪಟ್ಟಿನ ಮೇಲೆ ಹಿಗ್ಗಿಸಬೇಕು. ಅದನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟರೆ ಆಯ್ತಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಆಗುವುದಿಲ್ಲ. ಸೌಂಡ್ ಕಾರ್ಡ್ ಇರುವುದು ಕಿವಿಗೆ ಕೇಳುವುದಕ್ಕಾಗಿ. 20 ಹರ್ಟ್ಸ್ ಕೆಳಗಿನದ್ದನ್ನು ಅದು ಕತ್ತರಿಸುತ್ತದೆ, ನಮಗೆ ಬೇಕಾದದ್ದೇ ಅಲ್ಲಿದೆ. ಹಾಗಾಗಿ ಸಿಗ್ನಲನ್ನು ಅಂಕಿಗಳಾಗಿ ಬದಲಿಸುವ, ಎಡಿಎಸ್1115 ಅನ್ನುವ ಸಣ್ಣ ಬೋರ್ಡು ಹಾಕಿದೆವು. ಸೆಕೆಂಡಿಗೆ 860 ಸಲ ಓದುತ್ತದೆ, ನಮಗೆ ಧಾರಾಳ.

ಅಂಗಡಿಯಲ್ಲಿ ಮೊದಲ ಸಲ ಆನ್ ಮಾಡಿದಾಗ ಪರದೆಯ ಮೇಲೆ 100 ಹರ್ಟ್ಸ್‌ನಲ್ಲಿ ಒಂದು ಗೂಟ ಎದ್ದು ನಿಂತಿತು. ಯಾರೂ ಅಲ್ಲಾಡುತ್ತಿಲ್ಲ. ಪುಟ್ಟಿ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ನಾನು ಎದ್ದು ಟ್ಯೂಬ್‌ಲೈಟ್ ಆರಿಸಿದೆ. ಗೂಟ ಮಾಯ. ಟ್ಯೂಬಿನೊಳಗಿನ ಅನಿಲ ಸೆಕೆಂಡಿಗೆ ನೂರು ಸಲ ಹೊತ್ತಿ ಆರುತ್ತದೆ. ಹೊತ್ತಿದಾಗ ರೇಡಾರಿಗೆ ಅದು ಲೋಹದ ಹಾಗೆ ಕಾಣುತ್ತದೆ, ಆರಿದಾಗ ಇಲ್ಲ. ಅಲಾರಂ ರಿಪೇರಿ ಮಾಡುವವರಿಗೆ ಇದು ಹಳೇ ಪರಿಚಯ. ಉಳಿದ 50 ಹರ್ಟ್ಸ್ ಗುಂಯ್‌ಗುಡುವಿಕೆ ಚಾರ್ಜರ್ ಕಿತ್ತು ಬ್ಯಾಟರಿಗೆ ಹಾಕಿದ ಕೂಡಲೇ ಹೋಯಿತು. ಆಮೇಲಿನ ಕೆಲಸವೆಲ್ಲ ಯುಪಿಎಸ್‌ನ ಹಳೇ ಬ್ಯಾಟರಿಯ ಮೇಲೇ ನಡೆಯಿತು.

ಹಿನ್ನೀರಿಗೆ ಹೋಗುವ ಮೊದಲು ಅಕ್ಕನ ಮನೆ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ನೋಡೋಣ ಅಂದುಕೊಂಡೆವು. ತೊಟ್ಟಿ ತುಂಬಿಸಿ ಟೇಬಲ್ ಫ್ಯಾನ್ ಹಚ್ಚಿದೆವು. ನೀರಿನ ಮೇಲೆ ಸುಕ್ಕು ಏಳಲೇ ಇಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿದೆ, ನೀರು ಮಾತ್ರ ಜಿಡ್ಡು ಹಿಡಿದವರ ಹಾಗೆ ಸುಮ್ಮನಿದೆ. ಪುಟ್ಟಿ ಬಗ್ಗಿ ಓರೆಗಣ್ಣಿನಿಂದ ನೋಡಿ, "ಮಾವ, ಸೋಪು" ಅಂದಳು. ಬಟ್ಟೆ ಒಗೆಯುವ ತೊಟ್ಟಿ ಅದು. ಕಣ್ಣಿಗೆ ಕಾಣದಷ್ಟು ತೆಳ್ಳನೆ ಸೋಪಿನ ಪದರ ಮೇಲೆ ಹರಡಿಕೊಂಡಿತ್ತು. ಸೆಂಟಿಮೀಟರ್ ಅಳತೆಯ ಸುಕ್ಕುಗಳನ್ನು ಆ ಪದರ ಎದ್ದ ಜಾಗದಲ್ಲೇ ಅದುಮಿಬಿಡುತ್ತದೆ. ತೊಟ್ಟಿ ಉಜ್ಜಿ ತೊಳೆದು, ಪೈಪ್ ಬಿಟ್ಟು ಮೇಲಿನ ನೀರು ಉಕ್ಕಿ ಹರಿದುಹೋಗುವ ಹಾಗೆ ಮಾಡಿದೆವು. "ನಲ್ಲಿ ನೀರು ವಾರಕ್ಕೆರಡು ದಿನ ಬರೋದು, ನೆನಪಿರಲಿ" ಅಂತ ಅಕ್ಕ ಒಳಗಿನಿಂದಲೇ ಕೂಗಿದಳು.

ಈ ಸಲ ಸುಕ್ಕು ಎದ್ದಿತು. ಜೊತೆಗೆ ಫ್ಯಾನಿನ ರೆಕ್ಕೆಗಳೂ ರೇಡಾರಿಗೆ ಕಂಡವು. ಮೂರು ರೆಕ್ಕೆ, ನಿಮಿಷಕ್ಕೆ 1300 ಸುತ್ತು ಅಂದರೆ 65 ಹರ್ಟ್ಸ್. ಅದರ ಎರಡರಷ್ಟು, ಮೂರರಷ್ಟು ಎಲ್ಲ ಸಾಲಾಗಿ ನಿಂತವು. ಫ್ಯಾನನ್ನು ರೇಡಾರಿನ ಬೆನ್ನ ಹಿಂದೆ ಇಟ್ಟು, ನಡುವೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪ್ಲೈವುಡ್ ಅಡ್ಡ ಕೊಟ್ಟು, ಗಾಳಿ ಮಾತ್ರ ಪಕ್ಕದಿಂದ ಬಳಸಿ ಬರುವ ಹಾಗೆ ಮಾಡಿದ ಮೇಲೆ ನೀರಿನದ್ದು ಬೇರೆಯಾಗಿ ಕಾಣಿಸಿತು. ಹದಿನಾಲ್ಕರಿಂದ ಇಪ್ಪತ್ತೈದರ ನಡುವೆ ಒಂದು ಗುಡ್ಡೆ. ಆಗ ಪುಟ್ಟಿ ಒಂದು ಕಡ್ಡಿಯನ್ನು ಹರಳೆಣ್ಣೆಯಲ್ಲಿ ಅದ್ದಿ ನೀರಿಗೆ ತಾಗಿಸಿದಳು. ಒಂದೇ ತೊಟ್ಟು. ನೀರಿನ ಮೇಲೆ ಒಂದು ನುಣುಪಾದ ವೃತ್ತ ಅಗಲವಾಗುತ್ತಾ ಹೋಯಿತು, ಅದು ಮುಟ್ಟಿದಲ್ಲೆಲ್ಲ ಸುಕ್ಕು ಸತ್ತಿತು. ಪರದೆಯ ಮೇಲೆ ಗುಡ್ಡೆ ಕುಸಿದು ನೆಲ ಕಚ್ಚಿತು. ಸಮುದ್ರದಲ್ಲಿ ಹಡಗಿನಿಂದ ಎಣ್ಣೆ ಸೋರಿದರೆ ಉಪಗ್ರಹದ ರೇಡಾರ್ ಚಿತ್ರದಲ್ಲಿ ಕಪ್ಪು ಪಟ್ಟೆ ಬೀಳುವುದೂ ಇದೇ ಕಾರಣಕ್ಕೆ. ನಾನು ಇಡೀ ಕೆಲಸದಲ್ಲಿ ಬಾಯಿ ತೆರೆದು ನೋಡಿದ್ದು ಇದೊಂದನ್ನು.

ಮಾಡ್ಯೂಲಿನ ನೋಟ ತುಂಬಾ ಅಗಲ. ಎದುರಿಗಿರುವುದೆಲ್ಲ ಅದಕ್ಕೆ ಬೇಕು. ಅದನ್ನು ಕಿರಿದು ಮಾಡಲು ಬಾಯಿ ಅಗಲ, ಬುಡ ಕಿರಿದು ಇರುವ ತಗಡಿನ ಕೊಂಬು ಬೇಕಿತ್ತು. ಪೇಟೆಯಲ್ಲಿ ಡಬ್ಬ, ಆಲಿಕೆ ಮಾಡಿಕೊಡುವ ಸಾಹೇಬರ ಹತ್ತಿರ ಅಳತೆ ಚೀಟಿ ಕೊಟ್ಟೆ.

"ಚೌಕದ ಆಲಿಕೆ ಯಾಕೆ ಸಾರ್? ಯಾವ ಎಣ್ಣೆ ಸುರೀತೀರಿ?"

"ಎಣ್ಣೆ ಅಲ್ಲ ಸಾಹೇಬ್ರೇ, ರೇಡಾರ್."

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಮೂಲೆ ಒಳಗಡೆಯಿಂದ ಬೆಸೀಲಾ, ಹೊರಗಡೆಯಿಂದನಾ?" ಅಂತ ಮಾತ್ರ ಕೇಳಿದರು. ಕೇಳಬೇಕಾದ ಪ್ರಶ್ನೆ ಅದೇ. ಒಳಗೆ ಬೆಸುಗೆಯ ಉಂಡೆ ನಿಲ್ಲಬಾರದು. ಹೊರಗಡೆಯಿಂದಲೇ ಎಷ್ಟು ನೀಟಾಗಿ ಬೆಸೆದುಕೊಟ್ಟರೆಂದರೆ ಒಳಗೆ ಬೆರಳಾಡಿಸಿದರೂ ಮೂಲೆ ತಡೆಯಲಿಲ್ಲ. ಕೊಂಬಿನ ಬಾಯಿ ಹತ್ತು ಸೆಂಟಿಮೀಟರ್ ಚಿಲ್ಲರೆ. ನೋಟ ಸುಮಾರು 20 ಡಿಗ್ರಿಗೆ ಇಳಿಯಿತು.

ಇನ್ನು ಅಳತೆಗೆ ಒಂದು ಸೇರು ಬೇಡವೇ? ಇಷ್ಟು ವೋಲ್ಟ್ ಬಂತು ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಒಂದು ಚದರ ಮೀಟರ್ ನೀರು ಎಷ್ಟು ಚದರ ಮೀಟರಿನಷ್ಟು ಪ್ರತಿಧ್ವನಿ ಕೊಟ್ಟಿತು ಎಂಬ ಪ್ರಮಾಣವನ್ನು ಡೆಸಿಬೆಲ್‌ನಲ್ಲಿ ಹೇಳಬೇಕು. ಇದಕ್ಕೆ ಸಿಗ್ಮಾ ನಾಟ್ ಅನ್ನುತ್ತಾರೆ. ಆ ಲೆಕ್ಕಕ್ಕೆ ಮೊದಲೇ ಗೊತ್ತಿರುವ ಒಂದು ವಸ್ತು ಬೇಕು. ಎಲ್ಲರೂ ಮೂರು ತಗಡು ಲಂಬವಾಗಿ ಜೋಡಿಸಿದ ಮೂಲೆ ಕನ್ನಡಿ ಬಳಸುತ್ತಾರೆ. ಆದರೆ ಅದು ಅಲುಗಾಡದೆ ನಿಲ್ಲುವಂಥದ್ದು, ನಮ್ಮ ಮಾಡ್ಯೂಲಿಗೆ ಕಾಣುವುದಿಲ್ಲ. ಪುಟ್ಟಿ ಗೋಳವೇ ಬೇಕು ಅಂದಳು. ಗೋಳವನ್ನು ಯಾವ ಕಡೆಯಿಂದ ನೋಡಿದರೂ ಒಂದೇ. ಅಲೆಯ ಉದ್ದಕ್ಕಿಂತ ಸಾಕಷ್ಟು ದೊಡ್ಡದಿದ್ದರೆ ಅದರ ಪ್ರತಿಧ್ವನಿಯ ವಿಸ್ತೀರ್ಣ ಪೈ ಗುಣಿಸು ತ್ರಿಜ್ಯದ ವರ್ಗ, ಅಷ್ಟೇ. ಪಕ್ಕದ ಮನೆ ಹುಡುಗನ ಫುಟ್‌ಬಾಲ್ ತಂದು ಚಪಾತಿ ಸುತ್ತುವ ಫಾಯಿಲ್ ಹೊದಿಸಿದೆವು. ತ್ರಿಜ್ಯ 11 ಸೆಂಟಿಮೀಟರ್, ಹಾಗಾಗಿ 0.038 ಚದರ ಮೀಟರ್.

ಅದನ್ನು ಹಿತ್ತಲಿನ ಹಲಸಿನ ಕೊಂಬೆಗೆ ಗಾಳ ಹಾಕುವ ನೈಲಾನ್ ದಾರದಲ್ಲಿ ನಾಲ್ಕು ಮೀಟರ್ ಕೆಳಗೆ ತೂಗುಬಿಟ್ಟೆವು. ಒಂದು ಮೀಟರ್ ಹಿಂದಕ್ಕೆ ಎಳೆದು ಬಿಟ್ಟರೆ ನಾಲ್ಕು ಸೆಕೆಂಡಿಗೆ ಒಂದು ಸಲ ಹೋಗಿ ಬರುತ್ತದೆ. ಕೆಳಗೆ ಬಂದಾಗ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ವೇಗ. ಪರದೆಯ ಮೇಲೆ ಗೆರೆ ಸೊನ್ನೆಯಿಂದ 110ರವರೆಗೆ ಏರಿ ಇಳಿದು, ಮತ್ತೆ ಏರಿ ಇಳಿಯಿತು. ಕೈಲೆಕ್ಕಕ್ಕೆ ಸರಿಯಾಗಿತ್ತು. ಪಕ್ಕದ ಮನೆ ಹುಡುಗ ಕಾಂಪೌಂಡಿನ ಮೇಲೆ ಕೂತು, ಫಾಯಿಲ್ ಹರಿಯದ ಹಾಗೆ ಬಾಲ್ ವಾಪಸ್ ಕೊಡಬೇಕು ಅಂತ ಷರತ್ತು ಹಾಕಿದ. ಫಾಯಿಲ್ ಇದ್ದರೆ ಹೊಳೆಯುತ್ತದಂತೆ.

ಶೆಟ್ಟಿಹಳ್ಳಿಗೆ ಹೋಗುವುದಕ್ಕೆ ಆಷಾಢವನ್ನೇ ಆರಿಸಿದೆವು. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನ ನೀರು ಇಲ್ಲಿಯವರೆಗೂ ಹಬ್ಬುತ್ತದೆ. ಮಳೆಗಾಲದಲ್ಲಿ ನೀರು ಏರುತ್ತಾ ಬಂದ ಹಾಗೆ ಹಳೇ ಚರ್ಚು ಮುಳುಗುತ್ತದೆ. ನಾವು ಹೋದಾಗ ನೀರು ಆಗತಾನೆ ಏರುತ್ತಿತ್ತು. ಆಷಾಢದ ಗಾಳಿ ಅಂದರೆ ಗೊತ್ತಲ್ಲ, ಛತ್ರಿ ನಿಲ್ಲುವುದಿಲ್ಲ. ಸಂಬಂಧಪಟ್ಟ ಕಚೇರಿಯಲ್ಲಿ ಮೊದಲೇ ಕೇಳಿ, ಅಣೆಕಟ್ಟಿನ ಕಡೆ ಸುಳಿಯದೆ, ಚರ್ಚಿನಿಂದಲೂ ದೂರ, ದಂಡೆ ಕಡಿದಾಗಿರುವ ಒಂದು ಜಾಗ ಹಿಡಿದೆವು. ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಗಳು ಚರ್ಚಿನ ಹತ್ತಿರವೇ ಇರುತ್ತಾರೆ. ಅವರ ಗೌನು ಗಾಳಿಗೆ ಹಾರಿದರೂ ನಮಗೆ ಸಿಗ್ನಲ್ ಬರುತ್ತದೆ.

ಮೂರು ಮೀಟರ್ ಎತ್ತರದ ಬಿದಿರಿನ ತುದಿಗೆ ಕೊಂಬು ಕಟ್ಟಿ 60 ಡಿಗ್ರಿ ಓರೆಗೆ ನೀರಿನ ಕಡೆ ತಿರುಗಿಸಿದರೆ, ಅದು ನೋಡುವ ನೀರು ಸುಮಾರು ಏಳು ಚದರ ಮೀಟರ್. ದಂಡೆಗೆ ಬಡಿಯುವ ಅಲೆ ನೋಟಕ್ಕೆ ಸಿಗಬಾರದು. ಆದರೆ ನಿಜವಾದ ತಲೆನೋವು ಬಿದಿರು. ಗಾಳಿಗೆ ಅದು ಅಲುಗಿದರೆ ರೇಡಾರೇ ಅಲುಗಿದ ಹಾಗೆ. ಆಗ ನಿಂತ ಕಲ್ಲೂ ಓಡಾಡುವ ಕಲ್ಲೇ. ಆಲೂಗಡ್ಡೆಯ ಖಾಲಿ ಚೀಲಗಳಿಗೆ ಮರಳು ತುಂಬಿ ಬುಡಕ್ಕೆ ಒತ್ತಿ, ಮೂರು ಕಡೆ ಹಗ್ಗ ಬಿಗಿದೆವು. ಆಮೇಲೆ ಕೊಂಬನ್ನು ಮೊದಲು ಒಣ ದಂಡೆಯ ಕಡೆಗೆ ತಿರುಗಿಸಿ ಅದೇ ಗಾಳಿಯಲ್ಲಿ ಓದಿದೆವು. ಅಲ್ಲಿ ಬಂದದ್ದೆಲ್ಲ ಬಿದಿರಿನ ಪಾಲು. ನೀರಿನ ಓದಿನಿಂದ ಅದನ್ನು ಕಳೆಯಬೇಕು. ಪ್ರತಿ ಸಲ ಜಾಗ ಬದಲಿಸಿದಾಗಲೂ ಇದನ್ನು ಮಾಡಲೇಬೇಕು ಅಂತ ಪುಟ್ಟಿ ಹಟ ಹಿಡಿದಳು. ನನಗೆ ಬೇಜಾರಾಗುತ್ತಿತ್ತು, ಆದರೆ ಅವಳು ಹೇಳಿದ್ದು ಸರಿ.

ಮೊದಲ ಓದು ಶುರುವಾದಾಗ ಗಾಳಿ ಕಡಿಮೆ ಇತ್ತು. ಕೈಲಿ ಹಿಡಿಯುವ ಗಾಳಿ ಮೀಟರ್ ಸೆಕೆಂಡಿಗೆ ಎರಡು ಮೀಟರಿನ ಕೆಳಗೆ ತೋರಿಸುತ್ತಿತ್ತು. ಪರದೆಯಲ್ಲಿ ಏನೂ ಇಲ್ಲ. ಅಷ್ಟು ಗಾಳಿಗೆ ಈ ಅಳತೆಯ ಸುಕ್ಕು ಏಳುವುದೇ ಕಷ್ಟ. ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತೆವು. ಸ್ವಲ್ಪ ಹೊತ್ತಿಗೆ ಆ ದಡದ ಕಡೆ ನೀರಿನ ಮೇಲೆ ಒಂದು ಕಪ್ಪು ತೇಪೆ ಕಾಣಿಸಿತು. ಗಾಳಿ ಒಂದು ಕಡೆ ಇಳಿದು ನೀರು ಕದಡಿದಾಗ ಅಷ್ಟು ಜಾಗ ಮಾತ್ರ ಕಪ್ಪಾಗಿ ಕಾಣುತ್ತದೆ, ಕೆರೆ ದಂಡೆಯಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ತೇಪೆ ನಮ್ಮ ಕಡೆ ಸರಿಯುತ್ತಾ ಬಂತು. "ಬಂತು, ಬಂತು ಮಾವ!" ಅದರ ಅಂಚು ನಮ್ಮ ಏಳು ಚದರ ಮೀಟರಿಗೆ ಮುಟ್ಟಿದ ಕೂಡಲೇ ಗುಡ್ಡೆ ಎದ್ದಿತು. ಆಮೇಲೆ ಗಾಳಿ ನಮ್ಮ ಮುಖಕ್ಕೆ ಹೊಡೆಯಿತು. ತೇಪೆ ದಾಟಿಹೋದ ಮೇಲೆ ಗುಡ್ಡೆ ನಿಧಾನವಾಗಿ ಇಳಿಯಿತು. ಕಣ್ಣಿಗೆ ಕಪ್ಪಾಗಿ ಕಂಡದ್ದು ರೇಡಾರಿಗೆ ಬೆಳ್ಳಗೆ ಹೊಳೆಯುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ತೋರಿಸಲಾರದು.

ಹೊತ್ತೇರಿದ ಹಾಗೆ ಗಾಳಿ ಜಾಸ್ತಿಯಾಯಿತು. ಒಂದು ವಿಷಯ ಮಾತ್ರ ನನಗೆ ಕಿರಿಕಿರಿ ಮಾಡಿತು. ಗಾಳಿ ಒಂದೇ ಸಮ ಇದ್ದರೂ ಓದು ಕುಣಿಯುತ್ತಿತ್ತು. ಈ ಕ್ಷಣ ಇದ್ದದ್ದು ಮುಂದಿನ ಕ್ಷಣಕ್ಕೆ ಹತ್ತರಲ್ಲೊಂದು. ಲೂಸ್ ಕನೆಕ್ಷನ್ ಇರಬೇಕು ಅಂತ ನನ್ನ ರಿಪೇರಿ ಬುದ್ಧಿ. ಪುಟ್ಟಿ ನಕ್ಕಳು. ಸಾವಿರಾರು ಸುಕ್ಕುಗಳ ಪ್ರತಿಧ್ವನಿ ಒಂದು ಕ್ಷಣ ಕೂಡಿಕೊಳ್ಳುತ್ತದೆ, ಇನ್ನೊಂದು ಕ್ಷಣ ಒಂದನ್ನೊಂದು ತಿಂದುಹಾಕುತ್ತದೆ. ಹಾಗಾಗಿ ಒಂದು ಬಿಡಿ ಓದಿಗೆ ಬೆಲೆಯೇ ಇಲ್ಲ. ಅದರ ಏರಿಳಿತ ಅದರ ಸರಾಸರಿಯಷ್ಟೇ ದೊಡ್ಡದು. ಒಂದಕ್ಕೊಂದು ಸಂಬಂಧವಿಲ್ಲದ ನೂರು ಓದುಗಳ ಸರಾಸರಿ ಹಿಡಿದರೆ ಹತ್ತು ಪರ್ಸೆಂಟಿಗೆ ಬರುತ್ತದೆ. ನಾವು ನಿಮಿಷಗಟ್ಟಲೆ ಓದಿ ಸರಾಸರಿ ತೆಗೆದೆವು. ಉಪಗ್ರಹವೂ ಹೀಗೇ, 25 ಕಿ.ಮೀ. ಚೌಕದಲ್ಲಿ ಬಿದ್ದ ಓದುಗಳನ್ನೆಲ್ಲ ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ.

ಸರಾಸರಿ ತೆಗೆದ ಮೇಲೆ ಗೆರೆ ನೆಟ್ಟಗಾಯಿತು. ಗಾಳಿ ಎರಡು ಪಟ್ಟಾದಾಗ ವಾಪಸ್ ಬರುವ ಶಕ್ತಿ ನಾಲ್ಕು ಪಟ್ಟನ್ನೂ ಮೀರಿತು. ಗಾಳಿಯ ಲೆಕ್ಕದಲ್ಲೂ ಒಂದು ತಿದ್ದುಪಡಿ ಇದೆ. ಪ್ರಪಂಚದಲ್ಲೆಲ್ಲ ನೀರಿನಿಂದ 10 ಮೀಟರ್ ಎತ್ತರದ ಗಾಳಿಯನ್ನೇ ಬರೆಯುವುದು ರೂಢಿ. ನಾವು ಎರಡು ಮೀಟರಿನಲ್ಲಿ ಹಿಡಿದದ್ದನ್ನು ಸುಮಾರು 1.2ರಿಂದ ಗುಣಿಸಿಕೊಂಡೆವು.

ಆಮೇಲೆ ಕೊಂಬನ್ನು ಗಾಳಿಗೆ ಅಡ್ಡಲಾಗಿ ತಿರುಗಿಸಿದೆವು. ಗಾಳಿ ಅಷ್ಟೇ ಇದ್ದರೂ ಶಕ್ತಿ ಗೊತ್ತಾಗುವಷ್ಟು ಇಳಿಯಿತು. ಗಾಳಿಗೆ ಎದುರಾಗಿ ನೋಡಿದಾಗ ಜಾಸ್ತಿ, ಗಾಳಿಯ ಬೆನ್ನ ಕಡೆಯಿಂದ ನೋಡಿದರೆ ಅದಕ್ಕಿಂತ ಸ್ವಲ್ಪ ಕಮ್ಮಿ, ಅಡ್ಡಲಾಗಿ ನೋಡಿದರೆ ಎಲ್ಲಕ್ಕಿಂತ ಕಮ್ಮಿ. ಉಪಗ್ರಹದ ಡಿಶ್ ತಿರುಗುವುದು ಇದಕ್ಕೇ. ಸಮುದ್ರದ ಒಂದೇ ಜಾಗವನ್ನು ಬೇರೆ ಬೇರೆ ದಿಕ್ಕಿನಿಂದ ನೋಡಿ, ಎಲ್ಲಿಂದ ಎಷ್ಟು ಬಂತು ಅಂತ ಹೋಲಿಸಿ ಗಾಳಿಯ ದಿಕ್ಕು ಹೇಳುತ್ತದೆ. ಕೊಂಬನ್ನು ಇದ್ದಲ್ಲೇ 90 ಡಿಗ್ರಿ ಹೊರಳಿಸಿ, ಮೇಲೆ-ಕೆಳಗೆ ಕಂಪಿಸುತ್ತಿದ್ದ ರೇಡಾರ್ ಅಲೆಯನ್ನು ಅಡ್ಡಡ್ಡ ಕಂಪಿಸುವ ಹಾಗೆ ಮಾಡಿದಾಗಲೂ ಶಕ್ತಿ ಇಳಿಯಿತು. ಈ ಓರೆಯಲ್ಲಿ ಮೇಲೆ-ಕೆಳಗೆ ಕಂಪಿಸುವ ಅಲೆಯೇ ಜಾಸ್ತಿ ವಾಪಸ್ ಬರುವುದು ಅಂತ ಪುಸ್ತಕದಲ್ಲಿ ಇದ್ದದ್ದನ್ನು ಪುಟ್ಟಿ ಟಿಕ್ ಹಾಕಿಕೊಂಡಳು.

ನಡುವೆ ಬಂದ ಅತಿಥಿಗಳು ಕಮ್ಮಿಯಲ್ಲ. ಒಂದು ನೀರುಕಾಗೆ ನಮ್ಮ ಏಳು ಚದರ ಮೀಟರಿನಲ್ಲೇ ಮುಳುಗಿ ಎದ್ದಿತು. ತೆಪ್ಪದವರೊಬ್ಬರು ಹುಟ್ಟು ಹಾಕುತ್ತಾ ಸೀದಾ ನೋಟದೊಳಕ್ಕೇ ಬಂದು, "ಏನ್ ಸಾರ್, ಮೀನ್ ಕಾಣ್ತದಾ ಅದ್ರಲ್ಲಿ?" ಅಂದರು. ಕಾಣಲ್ಲ ಅಣ್ಣ, ನೀರೊಳಗೆ ಹೋಗೋದೇ ಇಲ್ಲ ಇದು ಅಂದೆ. "ಮತ್ಯಾಕೆ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಹೋದರು.

ಸೋನೆ ಹಿಡಿದಾಗ ಎಲ್ಲ ಮುಚ್ಚಿಡೋಣ ಅಂದೆ. ಪುಟ್ಟಿ ಬೇಡ ಅಂದಳು. ಕೊಂಬಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಓದಿದೆವು. ಬೀಳುತ್ತಿರುವ ಹನಿಗಳು ಬೇರೆಯಾಗಿ, ಇನ್ನೂರು ಹರ್ಟ್ಸ್ ಆಸುಪಾಸಿನಲ್ಲಿ ಕಂಡವು, ಅವುಗಳ ವೇಗ ಜಾಸ್ತಿ. ಅವನ್ನು ಬೇರೆ ಮಾಡಬಹುದು. ಆದರೆ ಹನಿ ಬಿದ್ದಲ್ಲೆಲ್ಲ ನೀರಿನ ಮೇಲೆ ಉಂಗುರ ಏಳುತ್ತದಲ್ಲ, ಅದೂ ಸುಕ್ಕೇ. ಗಾಳಿ ಎಬ್ಬಿಸಿದ್ದು ಯಾವುದು, ಮಳೆ ಎಬ್ಬಿಸಿದ್ದು ಯಾವುದು ಅಂತ ರೇಡಾರಿಗೆ ಗೊತ್ತಾಗುವುದಿಲ್ಲ. 13.5 ಗಿಗಾಹರ್ಟ್ಸ್‌ನ ಉಪಗ್ರಹಗಳಿಗೆ ಮಳೆಯಲ್ಲಿ ಇದೇ ಗೋಳು, ಮೇಲಾಗಿ ಗಾಳಿಯಲ್ಲಿರುವ ಹನಿಗಳ ಅಡ್ಡಿ ಬೇರೆ. ಯುರೋಪಿನ ಮೆಟಾಪ್ ಉಪಗ್ರಹಗಳ ರೇಡಾರ್ 5.255 ಗಿಗಾಹರ್ಟ್ಸ್‌ನಲ್ಲಿ ಇರುವುದರಿಂದ ಅದಕ್ಕೆ ಮಳೆಯ ಕಾಟ ಕಮ್ಮಿ. ಚಂಡಮಾರುತದ ಹೊತ್ತಿಗೆ ಎರಡೂ ಬೇಕಾಗುತ್ತವೆ.

ಇದನ್ನೆಲ್ಲ ಸಮುದ್ರದ ಅಳತೆ ಅಂತ ಕರೆಯಬಹುದಾ ಅಂತ ಪ್ರಾಜೆಕ್ಟ್ ನೋಡಿದ ಮೇಷ್ಟರು ಕೇಳಿದರಂತೆ. ನ್ಯಾಯವಾದ ಪ್ರಶ್ನೆ. ಉಪ್ಪು ಇಲ್ಲದಿರುವುದು ಅಷ್ಟೇನೂ ದೊಡ್ಡದಲ್ಲ, ಈ ಆವರ್ತನದಲ್ಲಿ ಸಿಹಿ ನೀರೂ ಉಪ್ಪು ನೀರೂ ಹೆಚ್ಚುಕಮ್ಮಿ ಒಂದೇ ತರಹ ಪ್ರತಿಫಲಿಸುತ್ತವೆ. ನಮ್ಮಲ್ಲಿ ಇಲ್ಲದ್ದು ದೊಡ್ಡ ಅಲೆ. ಕಡಲಿನಲ್ಲಿ ನೂರಾರು ಕಿ.ಮೀ. ದೂರದಿಂದ ಉರುಳಿ ಬರುವ ಅಲೆಗಳ ಬೆನ್ನ ಮೇಲೆ ಈ ಸಣ್ಣ ಸುಕ್ಕುಗಳು ಕೂತಿರುತ್ತವೆ. ದೊಡ್ಡ ಅಲೆ ಓರೆಯಾದ ಹಾಗೆ ಸುಕ್ಕಿನ ಓರೆಯೂ ಬದಲಾಗುತ್ತದೆ, ಅಲೆ ಮುರಿದಲ್ಲಿ ನೊರೆ ಬೇರೆ. ಹಿನ್ನೀರಿನಲ್ಲಿ ಗಾಳಿಗೆ ಓಡಲು ಸಿಗುವ ಜಾಗ ಕಮ್ಮಿ, ಅಲೆ ಮೊಣಕಾಲು ದಾಟುವುದಿಲ್ಲ. ಹಾಗಾಗಿ ನಾವು ಅಳೆದದ್ದು ಸಮುದ್ರದ ಲೆಕ್ಕದ ಒಂದು ತುಂಡು. ಅವಳು ರಿಪೋರ್ಟಿನಲ್ಲಿ ಹಾಗೇ ಬರೆದಿದ್ದಾಳೆ.

ಇದರಿಂದ ಹಾಸನದವರಿಗೇನು ಲಾಭ ಅಂದವರಿಗೆ ಅವಳು ಇನ್ನೊಂದು ತೋರಿಸುತ್ತಾಳೆ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ಅದರಲ್ಲಿ ಗೊರೂರಿನ ನೀರು ಸಾಮಾನ್ಯವಾಗಿ ಕಪ್ಪು. ಪ್ರವಾಹ ಬಂದಾಗ ಎಲ್ಲೆಲ್ಲಿ ನೀರು ನಿಂತಿದೆ ಅಂತ ನಕ್ಷೆ ಮಾಡುವುದು ಈ ಕಪ್ಪನ್ನು ನೋಡಿಯೇ. ಆದರೆ ಗಾಳಿ ಜೋರಿದ್ದ ದಿನ ಅದೇ ನೀರು ಬೂದಿ ಬಣ್ಣಕ್ಕೆ ತಿರುಗಿ ಪಕ್ಕದ ಹೊಲದ ಜೊತೆ ಬೆರೆತುಹೋಗುತ್ತದೆ. ಕಂಪ್ಯೂಟರ್ ಅದನ್ನು ನೆಲ ಅಂದುಬಿಡುತ್ತದೆ. ಮಳೆಗಾಲದಲ್ಲೇ ಗಾಳಿ, ಮಳೆಗಾಲದಲ್ಲೇ ಪ್ರವಾಹ, ಅಲ್ವಾ? ನಕ್ಷೆ ನೋಡುವವರು ಆ ಹೊತ್ತಿನ ಗಾಳಿ ಎಷ್ಟಿತ್ತು ಅಂತಲೂ ಕೇಳಬೇಕು.

ಈಗ ಮಳೆ ನಿಂತ ಮೇಲೆ ಮಲ್ಪೆಗೆ ಹೋಗುವ ಮಾತು ನಡೆದಿದೆ. ಅದಕ್ಕೆ ಮೊದಲು ಯಂತ್ರ ಬದಲಾಗಬೇಕು. ಎಚ್‌ಬಿ100ಗೆ ಒಂದೇ ಔಟ್‌ಪುಟ್. ಅಲೆ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅದು ಹೇಳಲಾರದು, ಎರಡಕ್ಕೂ ಅದೇ 20 ಹರ್ಟ್ಸ್. ಎರಡು ಔಟ್‌ಪುಟ್ ಇರುವ ಮಾಡ್ಯೂಲ್ ತರಿಸಿದ್ದಾಳೆ. ಒಂದು ಮುಂದೆ, ಇನ್ನೊಂದು ಅದಕ್ಕಿಂತ ಕಾಲು ಸುತ್ತು ಹಿಂದೆ ಬರುತ್ತದೆ. ಯಾವುದು ಮುಂದಿದೆ ನೋಡಿ ದಿಕ್ಕು ಹೇಳಬಹುದು. ಆದರೆ ಎರಡೂ ಕಡೆಯ ಆಂಪ್ಲಿಫೈಯರ್ ಕರಾರುವಾಕ್ಕಾಗಿ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಇಲ್ಲದ ಅಲೆ ಉಲ್ಟಾ ದಿಕ್ಕಿನಲ್ಲಿ ಕಾಣುತ್ತದೆ. ನನ್ನ ಡಬ್ಬಿಯಲ್ಲಿರುವುದೆಲ್ಲ ಬರೆದ ಬೆಲೆಗಿಂತ ಐದು ಪರ್ಸೆಂಟ್ ಹೆಚ್ಚುಕಮ್ಮಿ ಇರಬಹುದಾದ ರೆಸಿಸ್ಟರ್. ಒಂದು ಪರ್ಸೆಂಟಿನದ್ದು ಪೇಟೆಯಲ್ಲಿ ನನಗೆ ಬೇಕಾದ ಬೆಲೆಗೆ ಸಿಗಲಿಲ್ಲ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಸ್.ಪಿ. ರಸ್ತೆಯಿಂದ ತರಲು ಚೀಟಿ ಬರೆದಿಟ್ಟಿದ್ದೇನೆ.